ಅಗಲ ನಾಲ್ಕೇ ಇರಬೇಕು

ಹೋದ ಸೋಮವಾರ ಪಕ್ಕದ ಅಂಗಡಿಯ ಬಾಗಿಲು ತೆಗೆದಿತ್ತು. ಅಂಗಡಿಯವರು ತೀರಿಹೋಗಿ ಹದಿನೆಂಟು ದಿನವಾಗಿತ್ತು. ಅವರ ಅಣ್ಣನ ಮಕ್ಕಳಿಬ್ಬರು ಹಾಸನದಿಂದ ಬಂದು, ಕಪಾಟುಗಳಲ್ಲಿದ್ದ ಬೇರಿಂಗುಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದರು. ಒಂದೊಂದು ಬೇರಿಂಗನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಿಂದ ಅಳತೆ ಬರೆದು ಇಟ್ಟಿದ್ದರು ಆ ಅಂಗಡಿಯವರು. ಕಾಗದದ ತೂಕ ಸೇರಬಾರದೆಂದು ಗುಜರಿಯವನು ಒಂದೊಂದನ್ನೇ ಬಿಚ್ಚಿ, ಕಾಗದವನ್ನು ರಸ್ತೆಗೆ ಎಸೆದು, ಬೇರಿಂಗನ್ನು ಗೋಣಿಚೀಲಕ್ಕೆ ಹಾಕುತ್ತಿದ್ದ. ನಾನು ನಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು ಒಂದು ಗಂಟೆ ಕೇಳಿಸಿತು. ಅವರೆಲ್ಲ ಹೋದ ಮೇಲೆ ನಾನು ಕಸಪೊರಕೆ ಹಿಡಿದು ಹೊರಗೆ ಹೋದವಳು, ಗುಡಿಸಲಾಗದೆ, ಕಾಗದಗಳನ್ನು ಕೈಯಿಂದಲೇ ಆರಿಸಿ ಸೆರಗಿಗೆ ಹಾಕಿಕೊಂಡು ಬಂದೆ.

ಅವರ ಹೆಸರು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅದು ಇರಲಿಲ್ಲ. 'ಮೋಟಾರ್ ರಿವೈಂಡಿಂಗ್. ಎಲ್ಲಾ ತರದ ಬೇರಿಂಗ್ ಸಿಗುತ್ತದೆ' ಎಂದಷ್ಟೇ ಇತ್ತು. ಅರಸೀಕೆರೆಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ನನ್ನನ್ನು ಅವರು ತಂಗ್ಯಮ್ಮ ಎಂದು ಕರೆಯುತ್ತಿದ್ದರು. ಅವರ ಅಂಗಡಿಗೂ ನಮ್ಮ ಮನೆಗೂ ಒಂದೇ ಗೋಡೆ. ಅಂಗಡಿಯ ಹಿಂದೆಯೇ ಅವರ ಮನೆ.

ತೆಳ್ಳಗಿನ ಮನುಷ್ಯ. ಬಿಳಿಯ ಅರ್ಧ ತೋಳಿನ ಶರ್ಟು, ಹಣೆಯಲ್ಲಿ ವಿಭೂತಿ. ಇಡೀ ದಿನ ಗ್ರೀಸಿನಲ್ಲಿ ಕೈಯಿಟ್ಟರೂ ಶರ್ಟಿನ ಮೇಲೆ ಒಂದು ಚುಕ್ಕೆ ಕಾಣುತ್ತಿರಲಿಲ್ಲ. ಒಂದು ಕೆಲಸ ಮುಗಿದ ಮೇಲೆ ಹತ್ತು ಬೆರಳುಗಳನ್ನೂ ಬೇರೆ ಬೇರೆಯಾಗಿ, ಮಗುವಿನ ಬೆರಳು ಒರೆಸುವ ಹಾಗೆ ಒರೆಸಿಕೊಳ್ಳುತ್ತಿದ್ದರು. ಅದಕ್ಕೆ ಬೇಕಾದ ಬಟ್ಟೆ ನನ್ನ ಕತ್ತರಿ ಚೂರುಗಳು. ವಾರಕ್ಕೊಮ್ಮೆ ಒಂದು ಚೀಲ ಕೊಡುತ್ತಿದ್ದೆ. ಮಾರನೆಯ ದಿನ ಅದರಲ್ಲಿ ಅರ್ಧ ವಾಪಸು ಬರುತ್ತಿತ್ತು. "ತಂಗ್ಯಮ್ಮ, ಇವೆಲ್ಲ ಪಾಲಿಸ್ಟರು. ಎಣ್ಣೆ ಕುಡಿಯಲ್ಲ. ನಿಮ್ ಗಿರಾಕಿಗಳು ಕಾಟನ್ ಹೊಲಿಸೋದ್ ಬಿಟ್ರಾ?" ಎಂದು ಗೋಡೆಯಾಚೆಯಿಂದಲೇ ಕೇಳುತ್ತಿದ್ದರು.

ಮೋಟಾರು ಓಡುತ್ತಿರುವಾಗ ಅದರ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುವುದು ಅವರ ಪದ್ಧತಿ. ಎದುರು ನಿಂತ ಗಿರಾಕಿ ಆಗ ಕೆಮ್ಮಲೂ ಹೆದರುತ್ತಿದ್ದ. "ಒಳ್ಳೆ ಬೇರಿಂಗು ಒಳಗೈತೆ ಅನ್ನೋದೇ ಗೊತ್ತಾಗಬಾರದು ಕಣ್ರೀ. ಗೊತ್ತಾಯ್ತು ಅಂದ್ರೆ ಮುಗೀತು" ಎನ್ನುತ್ತಿದ್ದರು. ಬೇರಿಂಗನ್ನು ಯಾರಾದರೂ ಮೇಜಿನ ಮೇಲೆ ಕುಕ್ಕಿ ಇಟ್ಟರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಅವರ ಕೈಗೆ ಮತ್ತೆ ಕೊಡುತ್ತಿರಲಿಲ್ಲ.

ಅವರ ಹಟವನ್ನು ತಿಳಿಯಲು ಒಂದು ಪ್ರಸಂಗ ಸಾಕು. ಒಂದು ಬೇಸಗೆ ಹಾರನಹಳ್ಳಿ ಕಡೆಯ ತೆಂಗಿನ ತೋಟದವರೊಬ್ಬರು ಪಂಪಿನ ಮೋಟಾರು ಹೊತ್ತುಕೊಂಡು ಬಂದರು. ಬೇರಿಂಗು ಹೋಗಿತ್ತು. ಇವರ ಹತ್ತಿರ ಆ ಅಳತೆಯ ಒಂದು ಬೇರಿಂಗು ಇತ್ತು, ಆದರೆ ನಕಲಿ ಮಾಲು. ಹಾಕುವುದಿಲ್ಲ ಎಂದರು.

"ನಾಳಿದ್ದು ತುಮಕೂರಿಂದ ಒರಿಜಿನಲ್ ಬತ್ತದೆ. ಇದ ಹಾಕುದ್ರೆ ಮೂರು ತಿಂಗಳು ಬರಲ್ಲ."

"ಸ್ವಾಮಿ, ನಾಳಿದ್ದು ಹೊತ್ಗೆ ನನ್ ತೆಂಗಿನ ಸಸಿ ನಿಮ್ಮಂಗಾಗಿರ್ತವೆ ನೋಡಿ, ಬರೀ ಕಡ್ಡಿ. ಅದುನ್ನೇ ಹಾಕ್ಕೊಡಿ ಅತ್ಲಾಗೆ."

"ಕಡ್ಡಿಯಾದ್ರೂ ಐವತ್ತೈದು ವರ್ಷ ನಿಂತೈತಲ್ಲ. ಹೋಗಿ, ಎರಡು ದಿನ ಬಿಂದಿಗೆಲಿ ಹುಯ್ಯಿ."

ಆ ಮನುಷ್ಯ ಬೈದುಕೊಂಡು ಹೋದ. ಇವರು ಪಾರ್ಸೆಲ್ಲಿಗೆ ಕಾಯದೆ ಮಧ್ಯಾಹ್ನದ ಗಾಡಿಗೆ ತಾವೇ ತುಮಕೂರಿಗೆ ಹೋಗಿ ತಂದು, ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಹಾರನಹಳ್ಳಿಗೆ ಹೋಗಿ ಮೋಟಾರು ಕೂರಿಸಿ ಬಂದರು. ಸರಿಯಾದದ್ದು ಸಿಗುವ ತನಕ ಏನೂ ಓಡಕೂಡದು, ಸರಿಯಾದದ್ದಕ್ಕಾಗಿ ತಾನು ಎಷ್ಟು ಓಡಿದರೂ ಸರಿ. ಅವರು ಹಾಗೆ.

ಹೆಂಡತಿ ಬೇಗ ಹೋಗಿದ್ದರು. ಇದ್ದವಳು ಒಬ್ಬಳೇ ಮಗಳು, ಗಿರಿಜಾ. ಹೈಸ್ಕೂಲಿಗೆ ಹೋಗುವಾಗಲೇ ಅವಳ ಕಾಲಿನ ಶಕ್ತಿ ಇಳಿಯಲು ಶುರುವಾಗಿ, ಪಿಯುಸಿ ಹೊತ್ತಿಗೆ ನಡೆಯುವುದು ನಿಂತಿತು. ಹಾಸನದಲ್ಲಿ ತೋರಿಸಿದರು, ಬೆಂಗಳೂರಿನಲ್ಲಿ ತೋರಿಸಿದರು. ಇದಕ್ಕೆ ಔಷಧಿ ಇಲ್ಲ, ನಿಧಾನವಾಗಿ ಮೇಲಕ್ಕೆ ಹತ್ತುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಆರಕ್ಕೆ ಅಣ್ಣ ಅವಳನ್ನು ಎತ್ತಿ ಕೈಯಿರುವ ಮರದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಸ್ನಾನಕ್ಕೆ, ತಲೆ ಬಾಚುವುದಕ್ಕೆ ನಾನು ಹೋಗುತ್ತಿದ್ದೆ. ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟರೆ ಅದೇ ಅವಳ ಮೇಜು. ಆ ಹಲಗೆಯ ಮೇಲೆ ನನ್ನ ರವಿಕೆಗಳಿಗೆ ಹುಕ್ಕು ಹೊಲಿದುಕೊಡುತ್ತಿದ್ದಳು. ನನಗಿಂತ ಚೊಕ್ಕವಾದ ಕೈ. ಬಾಯಿಯೂ ಅಷ್ಟೇ ಚುರುಕು. "ಅಕ್ಕ, ಈ ರವಿಕೆಯವರು ಈ ವರ್ಷನೂ ಇದೇ ಅಳತೆ ಅಂದ್ರಾ? ಧೈರ್ಯ ಮೆಚ್ಚಬೇಕು. ಹುಕ್ಕನ್ನ ಡಬಲ್ ದಾರದಲ್ಲಿ ಹಾಕ್ತೀನಿ" ಎನ್ನುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವಳ ಸೋದರಮಾವ ಊರಿಗೆ ಬಂದವರು ಒಂದು ದೊಡ್ಡ ಡಬ್ಬ ತಂದುಕೊಟ್ಟರು. ಮೇಲೆ ದಪ್ಪ ಚಕ್ರದ ಒಂದು ಪುಟ್ಟ ಕಾರಿನ ಚಿತ್ರ. ರೇಡಿಯೋದಿಂದ ಓಡುವ ಗಾಡಿ. ಆದರೆ ಒಳಗೆ ಗಾಡಿ ಇರಲಿಲ್ಲ, ಗಾಡಿಯ ತುಂಡುಗಳಿದ್ದವು. ಹತ್ತಿಪ್ಪತ್ತು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಸ್ಕ್ರೂ, ಸ್ಪ್ರಿಂಗು, ಹಲ್ಲಿನ ಚಕ್ರ, ಮೋಟಾರು, ಜೊತೆಗೊಂದು ಚಿತ್ರದ ಪುಸ್ತಕ. ನೋಡಿಕೊಂಡು ನಾವೇ ಜೋಡಿಸಿಕೊಳ್ಳಬೇಕು. ನಾನು, "ಇದೇನಮ್ಮ, ಪುಡಿ ಮಾಡಿ ಕೊಟ್ಟಿದ್ದಾರೆ" ಎಂದೆ. ಗಿರಿಜಾ ಪುಸ್ತಕದಿಂದ ತಲೆಯೆತ್ತಲಿಲ್ಲ. ಅವತ್ತು ಊಟಕ್ಕೂ ಹಲಗೆ ಬಿಟ್ಟುಕೊಡಲಿಲ್ಲ.

ಯುಗಾದಿಯಿಂದ ಶ್ರಾವಣದವರೆಗೆ ಅವಳು ಅದನ್ನು ಜೋಡಿಸಿದಳು. ಒಂದು ದಿನಕ್ಕೆ ಎರಡೋ ಮೂರೋ ಸ್ಕ್ರೂ. ಅಪ್ಪ ಸಹಾಯಕ್ಕೆ ಬಂದರೆ, "ನೀನು ಹತ್ತು ಅಡಿ ದೂರ ನಿಂತ್ಕೋ. ಪಂಪ್‌ಸೆಟ್ ಕೈ ಇದಕ್ಕಾಗಲ್ಲ" ಎಂದು ಗದರುತ್ತಿದ್ದಳು. ಅವರು ನಿಜವಾಗಿಯೂ ಬಾಗಿಲ ಹತ್ತಿರ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಅವಳಿಗೆ ಇದ್ದ ಆಸೆ ಒಂದೇ: ಜಗಲಿಯ ಮೇಲೆ ಕೂತು ಆ ಗಾಡಿಯನ್ನು ತನ್ನ ಕೈಯಾರೆ ಬೀದಿಯ ಕೊನೆಯ ನಲ್ಲಿಯ ತನಕ ಓಡಿಸಿ, ತಿರುಗಿಸಿ, ವಾಪಸು ತರಬೇಕು. "ಹೋಗಿ ಬರೋದು ನಾನೇ ಆಗಿರಬೇಕು ಅಕ್ಕ. ಒಂದು ಸಲ ಸಾಕು" ಎಂದಿದ್ದಳು.

ಶ್ರಾವಣದಲ್ಲಿ ಚಕ್ರ ಕೂರಿಸುವ ಹೊತ್ತು ಬಂತು. ಚಕ್ರದ ಒಳಗೆ, ಹಲ್ಲಿನ ಚಕ್ರಗಳ ಪೆಟ್ಟಿಗೆಯ ಒಳಗೆ, ಸಣ್ಣ ಸಣ್ಣ ಪ್ಲಾಸ್ಟಿಕ್ ಬಳೆಗಳನ್ನು ಹಾಕಬೇಕಿತ್ತು. ಒಟ್ಟು ಹದಿನಾಲ್ಕು. ಅವನ್ನು ಬುಷ್ ಎನ್ನುತ್ತಾರೆ. ಬೇರಿಂಗಿನ ಹಾಗೆ ಒಳಗೆ ಗುಂಡುಗಳಿರುವುದಿಲ್ಲ, ಸರಳು ಸುಮ್ಮನೆ ಅದರೊಳಗೆ ಉಜ್ಜಿಕೊಂಡು ತಿರುಗುತ್ತದೆ. ಅಣ್ಣ ಒಂದನ್ನು ಅಂಗೈಯಲ್ಲಿಟ್ಟು ನೋಡಿದರು.

"ಏನವ್ವ ಇದು?"

"ಬುಷ್ ಅಪ್ಪ. ಇದೇ ಹಾಕೋದು. ಬಾಲ್ ಬೇರಿಂಗ್ ಬೇಕಾದ್ರೆ ಬೇರೆ ತಗೋಬೇಕಂತೆ, ಹಿಂದಿನ ಪುಟದಲ್ಲಿ ಬರೆದಿದ್ದಾರೆ."

"ಮೂವತ್ತು ವರ್ಷದಿಂದ ಊರ್ ತುಂಬ ಬೇರಿಂಗ್ ಹಾಕ್ಕೊಂಡು ಬಂದೀನಿ. ನನ್ ಮಗಳ ಗಾಡಿಗೆ ಬುಷ್ ಹಾಕುಸ್ಲಾ?"

ಅವತ್ತೇ ಅವರು ಗಾಡಿಯನ್ನು ಎತ್ತಿ ಕಪಾಟಿನ ಮೇಲಿಟ್ಟರು. ಹದಿನಾಲ್ಕು ಬುಷ್ಷುಗಳನ್ನು ಒಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಅಂಗಡಿಯ ಡ್ರಾಯರಿನಲ್ಲಿಟ್ಟುಕೊಂಡರು. ಬೇರಿಂಗ್ ಬರುವ ತನಕ ಗಾಡಿ ಓಡುವುದಿಲ್ಲ ಎಂದಾಯಿತು.

ಒಳಗಿನ ತೂತು ಐದು ಮಿಲಿಮೀಟರು, ಹೊರಸುತ್ತು ಹನ್ನೊಂದು, ಅಗಲ ನಾಲ್ಕು. ಈ ಮೂರು ಅಂಕಿ ನನಗೆ ಇವತ್ತಿಗೂ ಬಾಯಿಪಾಠ. ಒಂದು ಅಂಗಿಯ ಗುಂಡಿಯಷ್ಟು ದೊಡ್ಡದು. ಐದು, ಹನ್ನೊಂದು ಹೇಳಿದರೆ ಬೇಕಾದಷ್ಟು ಅಂಗಡಿಯವರು ಇದೆ ಎನ್ನುತ್ತಿದ್ದರು. ಅಗಲದಲ್ಲಿ ಪೇಚು. ಹಾಸನದಿಂದ ಬಂದವು ಮೂರು ಅಗಲದವು, ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದವು ಐದು ಅಗಲದವು. ಐದರದ್ದು ಹಾಕಿದರೆ ಚಕ್ರ ಹೊರಗೆ ನಿಲ್ಲುತ್ತದೆ, ಮೂರರದ್ದು ಹಾಕಿದರೆ ಲೊಡಲೊಡ ಎನ್ನುತ್ತದೆ. "ಮೂರರದ್ದಕ್ಕೆ ಒಂದು ತಗಡಿನ ಬಿಲ್ಲೆ ಕತ್ತರಿಸಿ ಕೊಟ್ರೆ ಸರಿಹೋಗಲ್ವೇ ಅಣ್ಣ?" ಎಂದು ನಾನೇ ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ, ಹೊಲಿಗೆ ಬಿಟ್ಟು ಬೇರೆ ವಿಷಯ ಮಾತಾಡಬಾರದು ಅನ್ನಿಸಿತು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಅಪ್ಪ ಮಗಳ ಚರ್ಚೆ. ಬೇರಿಂಗಿನ ಪಕ್ಕದಲ್ಲಿ ಗುಂಡುಗಳಿಗೆ ಮುಚ್ಚಳ ಇರುತ್ತದಂತೆ, ತಗಡಿನದು ಒಂದು, ರಬ್ಬರಿನದು ಒಂದು. ತಗಡಿನದು ಹಗುರಾಗಿ ತಿರುಗುತ್ತದೆ, ಆದರೆ ಧೂಳು ನುಗ್ಗುತ್ತದೆ. ರಬ್ಬರಿನದು ಧೂಳು ತಡೆಯುತ್ತದೆ, ಆದರೆ ಸ್ವಲ್ಪ ಹಿಡಿಯುತ್ತದೆ.

"ರಬ್ಬರೇ ಇರ್ಲಿ ಅಪ್ಪ. ನಮ್ಮ ಬೀದಿ ನೋಡಿದೀಯಲ್ಲ. ಕೊಬ್ಬರಿ ಮಟ್ಟೆ ನಾರು, ಲಾರಿ ಧೂಳು."

"ತಗಡಿಂದು ಆದ್ರೆ ಗಾಳಿ ಊದುದ್ರೆ ತಿರುಗ್ತದೆ ಕಣವ್ವ."

"ಊದೋಕೆ ನೀನು ಹಿಂದೆ ಓಡ್ತೀಯಾ?"

ಅವರು ನಕ್ಕುಬಿಡುತ್ತಿದ್ದರು. ನಾನು ಗೋಡೆಯ ಈಚೆ ಕೂತು ಕಾಜ ಹೊಲಿಯುತ್ತಾ ಆ ನಗು ಕೇಳುತ್ತಿದ್ದೆ. ಬೆಳಿಗ್ಗೆ ಅಂಗಡಿ ಗುಡಿಸುವಾಗ ಅವರು ಶಿಳ್ಳೆ ಹಾಕುವುದು ಶುರುವಾಗಿತ್ತು. ಅವರಿಗೆ ಶಿಳ್ಳೆ ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಬೇರಿಂಗ್ ಹುಡುಕುವುದು ಅವರಿಗೆ ಯಾತ್ರೆಯ ಹಾಗಾಯಿತು. ಇಪ್ಪತ್ತು ಅಂಚೆ ಕಾರ್ಡುಗಳ ಮೇಲೆ ಬೇರಿಂಗಿನ ಚಿತ್ರ ಬರೆದು, ಕೆಳಗೆ 'ಅಗಲ ನಾಲ್ಕೇ ಇರಬೇಕು' ಎಂದು ಗೆರೆ ಎಳೆದು, ಗೊತ್ತಿದ್ದ ಅಂಗಡಿಗಳಿಗೆಲ್ಲ ಹಾಕಿದರು. ಬೇಲೂರಿನಲ್ಲಿ ಟೀವಿ, ವಿಸಿಆರ್ ರಿಪೇರಿ ಮಾಡುವವರೊಬ್ಬರ ಹತ್ತಿರ ಸಣ್ಣ ಬೇರಿಂಗ್ ಇರಬಹುದು ಎಂದು ಯಾರೋ ಹೇಳಿದರು. ಅವತ್ತು ನನಗೂ ಬೇಲೂರಿನಲ್ಲಿ ಒಂದು ಮದುವೆ ಬಟ್ಟೆ ತಲುಪಿಸುವುದಿತ್ತು, ಜೊತೆಗೇ ಹೋದೆವು. ಗಿರಿಜಾಳ ಹತ್ತಿರ ನಮ್ಮ ಅತ್ತೆ ಕೂತರು. ಹಳೇಬೀಡಿನಲ್ಲಿ ಬಸ್ಸು ಕೆಟ್ಟು, ಇನ್ನೊಂದು ಬರುವ ತನಕ ಹೊತ್ತು ಕಳೆಯಲು ದೇವಸ್ಥಾನದೊಳಗೆ ಹೋದೆವು. ಜನ ಶಿಲ್ಪ ನೋಡುತ್ತಿದ್ದರೆ ಇವರು ಒಳಗಿನ ಒಂದು ದುಂಡು ಕಂಬದ ಮುಂದೆ ಕೂತುಬಿಟ್ಟರು. ಕಲ್ಲನ್ನೇ ತಿರುಗಿಸುತ್ತಾ ಉಂಗುರ ಉಂಗುರವಾಗಿ ಕಡೆದ, ಕನ್ನಡಿಯಂಥ ಕಂಬ. ಹೆಬ್ಬೆರಳಿನ ಉಗುರನ್ನು ಆ ಗೆರೆಗಳ ಮೇಲೆ ಎಳೆಯುತ್ತಾ, "ಇಷ್ಟು ತೂಕದ ಕಲ್ಲು ತಿರುಗಿಸ್ಯವ್ರೆ ತಂಗ್ಯಮ್ಮ. ಎಲ್ಲೂ ಒಂದ್ ಕೂದಲೆಳೆ ಅದುರಿಲ್ಲ. ಕೆಳಗೆ ಏನ್ ಕೊಟ್ಟಿದ್ರೋ. ಗಿರಿಜಂಗೆ ಹೇಳ್ಬೇಕು" ಎಂದರು. ಆ ಮುಖದಲ್ಲಿ ಅಂಥ ಬೆಳಕು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಬೇಲೂರಿನವರ ಹತ್ತಿರ ಇದ್ದ ಬೇರಿಂಗ್ ಹೊರಸುತ್ತಿನಲ್ಲಿ ದೊಡ್ಡದಾಯಿತು. ಆದರೆ ಅವರು, ಬೆಂಗಳೂರಿನಲ್ಲಿ ಜೆರಾಕ್ಸ್ ಯಂತ್ರಗಳ ಬಿಡಿಭಾಗ ತರಿಸುವ ಒಬ್ಬರ ವಿಳಾಸ ಕೊಟ್ಟರು. ಅಣ್ಣ ಮರುವಾರವೇ ಹೋಗಿ ಮಾತಾಡಿ ಬಂದರು. ಸರಿಯಾದ ಅಳತೆಯೇ, ಆದರೆ ಮುಂಬೈಯಿಂದ ಬರಬೇಕು, ತಿಂಗಳೋ ಎರಡು ತಿಂಗಳೋ. "ಆಗ್ಲಿ ಬಿಡಿ, ಅವಸರ ಏನೈತೆ" ಎಂದರು ಅವರು.

ಅವಸರ ಇತ್ತು. ಅದು ನನಗೆ ಗೊತ್ತಾದದ್ದು ದೀಪಾವಳಿಯ ಹೊಲಿಗೆಯ ರಾಶಿಯ ನಡುವೆ. ಗಿರಿಜಾ ಹುಕ್ಕು ಹಾಕಿ ಕೊಟ್ಟ ಮೂರು ರವಿಕೆ ಗಿರಾಕಿಗಳಿಂದ ವಾಪಸು ಬಂದವು. ಹುಕ್ಕು ಜೋಲುತ್ತಿದ್ದವು. ಅವಳ ಕೈಯಲ್ಲಿ ಹೀಗಾದದ್ದು ಅದೇ ಮೊದಲು. ಮಧ್ಯಾಹ್ನ ಹೋಗಿ ಬಾಗಿಲಲ್ಲಿ ನಿಂತಾಗ, ಅವಳು ಹಲಗೆಯ ಮೇಲೆ ಬಿದ್ದ ಸೂಜಿಯನ್ನು ಎತ್ತಿಕೊಳ್ಳಲು ನೋಡುತ್ತಿದ್ದಳು. ಬೆರಳು ಸೂಜಿಯ ಮೇಲೆ ಹೋಗುತ್ತಿತ್ತು, ಮುಚ್ಚಿಕೊಳ್ಳುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ನನ್ನನ್ನು ನೋಡಿದಳು.

"ಯಾವಾಗಿಂದಮ್ಮ?"

"ಗೌರಿ ಹಬ್ಬದಿಂದ. ಅಪ್ಪಂಗೆ ಹೇಳ್ಬೇಡಿ ಅಕ್ಕ."

"ಹೇಳ್ದೆ ಇದ್ರೆ ಹೇಗೆ? ಬೇರಿಂಗ್ ಬರೋ ಅಷ್ಟರಲ್ಲಿ..."

"ಗೊತ್ತು."

"ಆ ಬುಷ್ ಹಾಕಿ ನಾಳೆನೇ ಓಡ್ಸು. ಈಗಿನ್ನೂ ರಿಮೋಟ್ ಒತ್ತಕ್ಕೆ ಆಗುತ್ತಲ್ಲ."

ಅಂಗಡಿಯಿಂದ ಶಿಳ್ಳೆ ಕೇಳಿಸುತ್ತಿತ್ತು.

"ಅಮ್ಮ ಹೋದ್ಮೇಲೆ ಅಪ್ಪ ಹೀಗಿರೋದು ಇದೇ ಮೊದ್ಲು ಅಕ್ಕ. ನನ್ನ ಎತ್ತಿ ಕೂರಿಸೋವಾಗ ಮೊದ್ಲು ನನ್ನ ಮುಖನೇ ನೋಡ್ತಿರಲಿಲ್ಲ. ಈಗ ಎತ್ಕೊಂಡೇ ಬೇರಿಂಗ್ ಕತೆ ಹೇಳ್ತಾನೆ. ಈ ಬೆರಳಿನ ವಿಷಯ ಗೊತ್ತಾದ್ರೆ ಎಲ್ಲ ನಿಂತೋಗುತ್ತೆ. ಹುಡುಕ್ಲಿ ಬಿಡಿ. ನಂಗೆ ಆಣೆ ಮಾಡಿ."

ಆಣೆ ಮಾಡಿದೆ. ಅವಳ ಪಾಲಿನ ಹುಕ್ಕುಗಳನ್ನು ಆವತ್ತಿನಿಂದ ನಾನೇ ಹೊಲಿದು, ಅವಳೇ ಹೊಲಿದಳು ಎನ್ನುವ ಹಾಗೆ ಅವಳ ಹಲಗೆಯ ಮೇಲೆ ಮಡಿಸಿಡತೊಡಗಿದೆ.

ಒಂದು ಸಲ ಮಾತ್ರ ಪ್ರಯತ್ನಪಟ್ಟೆ. ಕತ್ತರಿ ಚೂರು ಕೊಡುವ ನೆಪದಲ್ಲಿ ಅಂಗಡಿಗೆ ಹೋಗಿ, "ಅಣ್ಣ, ಡಬ್ಬದ ಜೊತೆ ಬಂದಿರೋ ಬುಷ್ಷನ್ನೇ ಹಾಕಿ ಒಂದು ಸಲ ಓಡಿಸಿಬಿಡಲಿ. ಆಮೇಲೆ ಬೇರಿಂಗ್ ಬಂದಾಗ ಬದಲಾಯಿಸಿದರಾಯ್ತು" ಎಂದೆ.

ಅವರಿಗೆ ನಗು ಬಂತು. "ನೀವು ನಿಮ್ ಗಿರಾಕಿಗೆ ಕಚ್ಚಾ ಹೊಲಿಗೆ ಹಾಕಿದ್ ಬ್ಲೌಸ್ ಕೊಟ್ಟು, ಈ ಮದುವೆಗೆ ಇದ ಹಾಕ್ಕೊಂಡು ಹೋಗವ್ವ, ಪಕ್ಕಾ ಹೊಲಿಗೆ ಆಮೇಲೆ ಹಾಕ್ಕೊಡ್ತೀನಿ ಅಂತೀರಾ?"

ಇಲ್ಲ ಎಂದೆ. ಇನ್ನೊಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವರು ನನ್ನ ಚೀಲದಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು, "ಆಹಾ, ಇವತ್ತು ಕಾಟನ್ನು" ಎಂದರು. ನಾನು ಮನೆಗೆ ಬಂದುಬಿಟ್ಟೆ.

ಸಂಕ್ರಾಂತಿ ಕಳೆದ ವಾರ ಬೇರಿಂಗ್ ಬಂದವು. ತಾವೇ ಬೆಂಗಳೂರಿಗೆ ಹೋಗಿ, ಬೆಳಗಿನ ಗಾಡಿಯಲ್ಲಿ ತಂದರು. ಹದಿನಾಲ್ಕು, ಪಕ್ಕಕ್ಕೆ ಕಪ್ಪು ರಬ್ಬರಿನ ಮುಚ್ಚಳದವು. ಕೊನೆಗೆ ಮಗಳ ಮಾತೇ ನಡೆದಿತ್ತು. ಅಂಗಡಿಗೆ ಬಾಗಿಲು ಹಾಕಿ ಎರಡು ದಿನ ಕೂತರು. ಒಂದೊಂದರ ಮುಚ್ಚಳವನ್ನೂ ಸೂಜಿಯಿಂದ ಎಬ್ಬಿಸಿ, ಒಳಗಿನ ದಪ್ಪ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆದು, ನನ್ನ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ಹನಿ ಬಿಟ್ಟರು. ಕೂರಿಸುವಾಗ ಗಿರಿಜಾ, "ನೀನೇ ಹಾಕಪ್ಪ, ಬೇರಿಂಗ್ ನಿನ್ನ ಇಲಾಖೆ" ಎಂದಳು. ಅದು ಅವಳು ತಮಗೆ ಕೊಟ್ಟ ಮರ್ಯಾದೆ ಎಂದುಕೊಂಡರು ಅವರು. ಮುಗಿದ ಮೇಲೆ ನನ್ನನ್ನು ಕರೆದು ಚಕ್ರವನ್ನು ನನ್ನ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು.

"ಏನ್ ಕೇಳ್ತದೆ?"

"ಏನೂ ಕೇಳ್ತಿಲ್ಲ ಅಣ್ಣ."

"ಹ್ಞಾಂ" ಎಂದು ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬೀದಿಗೆ ನೀರು ಚಿಮುಕಿಸಿದ್ದರು. ಗಿರಿಜಾಳಿಗೆ ನಾನೇ ಜಡೆ ಹಾಕಿ ಹೊಸ ಚೂಡಿದಾರ ತೊಡಿಸಿದ್ದೆ. ಕುರ್ಚಿಯನ್ನು ಜಗಲಿಗೆ ತಂದು, ಹಲಗೆಯ ಮೇಲೆ ರಿಮೋಟ್ ಇಟ್ಟರು. ಅದರ ಮೇಲೆ ಎರಡು ಪುಟ್ಟ ಕಡ್ಡಿಗಳು. ಎಡಗಡೆಯದನ್ನು ಮುಂದಕ್ಕೆ ತಳ್ಳಿದರೆ ಓಡುತ್ತದೆ, ಬಲಗಡೆಯದು ತಿರುಗಿಸಲು. ಒಳಗೆ ಸ್ಪ್ರಿಂಗ್ ಇರುತ್ತದೆ, ಸ್ವಲ್ಪ ಒತ್ತಡ ಬೇಕು.

ಅವಳು ಹೆಬ್ಬೆರಳು ಇಟ್ಟಳು. ಗಾಡಿ ಅಲುಗಲಿಲ್ಲ. ಬೆರಳಿನ ಗಿಣ್ಣು ಇಟ್ಟಳು. ಎರಡು ಕೈ ಸೇರಿಸಿದಳು. ಹಣೆಯ ಮೇಲೆ ಬೆವರು ಬಂತು. ಕಡ್ಡಿ ಕೂದಲಷ್ಟು ಅಲುಗಿ ಹಿಂದಕ್ಕೆ ಬಂತು.

"ತಡಿ, ಸೆಲ್ಲು ಸರಿ ಕೂತಿಲ್ಲ" ಎಂದು ಅಣ್ಣ ರಿಮೋಟಿನ ಬೆನ್ನು ಬಿಚ್ಚಿ ಸೆಲ್ಲುಗಳನ್ನು ತೆಗೆದು, ಒರೆಸಿ, ಮತ್ತೆ ಹಾಕಿದರು. ಆಗಲಿಲ್ಲ. ಹೊಸ ಸೆಲ್ಲು ಹಾಕಿದರು. ಗಾಡಿಯ ಹೊದಿಕೆ ತೆಗೆದು ವೈರು ನೋಡಿದರು, ಕನೆಕ್ಷನ್ ನೋಡಿದರು. ಪುಸ್ತಕ ತೆರೆದು ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ನೋಡಿದರು. ಅರ್ಧ ಗಂಟೆ. "ಬೇರಿಂಗ್ ಟೈಟಾಯ್ತಾ?" ಎಂದು ತಮ್ಮನ್ನೇ ಕೇಳಿಕೊಂಡು ಚಕ್ರ ತಿರುಗಿಸಿದರು. ಅದು ತಿರುಗುತ್ತಲೇ ಇತ್ತು. ಗಿರಿಜಾ ನನ್ನನ್ನು ನೋಡಲಿಲ್ಲ, ನಾನು ಅವಳನ್ನು ನೋಡಲಿಲ್ಲ.

ಕೊನೆಗೆ ಸುಮ್ಮನೆ ಪರೀಕ್ಷೆಗೆಂದು ಅವರೇ ಕಡ್ಡಿಯನ್ನು ತಳ್ಳಿದರು. ಗಾಡಿ ಚಂಗನೆ ಹಾರಿ ಹತ್ತು ಮಾರು ಹೋಗಿ ಎದುರುಮನೆಯ ಕಾಂಪೌಂಡಿಗೆ ಬಡಿಯಿತು.

ಅವರು ಗಾಡಿಯ ಕಡೆ ನೋಡಲಿಲ್ಲ. ಹಲಗೆಯ ಮೇಲಿದ್ದ ಮಗಳ ಕೈಯನ್ನು ನೋಡಿದರು. ಅದನ್ನು ಎತ್ತಿಕೊಂಡು, ಬೇರಿಂಗ್ ಪರೀಕ್ಷೆ ಮಾಡುವಾಗಿನ ಹಾಗೆ, ಒಂದೊಂದು ಬೆರಳನ್ನೂ ಮಡಿಸಿ ಬಿಟ್ಟರು. ಮಡಿಸಿದ ಬೆರಳು ಮಡಿಸಿದ ಹಾಗೇ ಇತ್ತು.

"ಅಪ್ಪ, ನೀನೇ ಓಡ್ಸು. ನಾನು ಹೇಳ್ತೀನಿ" ಎಂದಳು ಗಿರಿಜಾ.

ಅವರು ಓಡಿಸಿದರು. ಆ ಕೈಗೆ ಅದು ಬರುತ್ತಿರಲಿಲ್ಲ. ಗಾಡಿ ಚರಂಡಿಗೆ ಹೋಯಿತು, ದನದ ಕಾಲ ಸಂದಿಯಲ್ಲಿ ಹೋಯಿತು. "ಬಲಕ್ಕೆ. ಬಲಕ್ಕೆ ಅಪ್ಪ. ಅದು ನಮ್ಮ ಕಡೆ ಮುಖ ಮಾಡಿದ್ರೆ ಎಡ ಬಲ ಉಲ್ಟಾ ಆಗುತ್ತೆ, ನಿನ್ನ ಬಲ ಅಲ್ಲ, ಗಾಡಿ ಬಲ" ಎಂದು ಅವಳು ಹೇಳುತ್ತಲೇ ಇದ್ದಳು. ಮಧ್ಯೆ ನಕ್ಕಳು ಕೂಡ. ಅಂತೂ ಗಾಡಿ ನಲ್ಲಿಯ ತನಕ ಹೋಗಿ ಬಂತು. ಸದ್ದೇ ಇರಲಿಲ್ಲ ಅದಕ್ಕೆ. ಅಣ್ಣ ಅದನ್ನು ಎತ್ತಿ, ನನ್ನ ಬಟ್ಟೆಯ ಚೂರಿನಿಂದ ಧೂಳು ಒರೆಸಿ, ಡಬ್ಬದೊಳಗಿಟ್ಟರು. ಮತ್ತೆ ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ. ಶಿಳ್ಳೆಯೂ ಅವತ್ತಿಗೇ ನಿಂತಿತು.

ಆಷಾಢದಲ್ಲಿ ಗಿರಿಜಾಳಿಗೆ ಎದೆಗೆ ಶೀತ ಇಳಿಯಿತು. ಕೆಮ್ಮಿ ಹೊರಹಾಕುವಷ್ಟು ಶಕ್ತಿ ಇರಲಿಲ್ಲ. ಒಂಬತ್ತು ದಿನ ಇದ್ದಳು.

ಆಮೇಲೆ ಅಣ್ಣ ಅಂಗಡಿಯನ್ನು ನಡೆಸಿದರು, ಏಳೆಂಟು ವರ್ಷ. ಆದರೆ ಬೇರೆ ಮನುಷ್ಯರಾಗಿ. ಗಿರಾಕಿ ಬಂದರೆ ಕೈಗೆ ಸಿಕ್ಕ ಬೇರಿಂಗ್ ಹಾಕಿ, "ತಗಂಡೋಗಿ ಓಡ್ಸಿ, ಇವತ್ತೇ ಓಡ್ಸಿ" ಎನ್ನುತ್ತಿದ್ದರು. ಅಸಲಿಯೋ ನಕಲಿಯೋ ನೋಡುತ್ತಿರಲಿಲ್ಲ. ಯಜಮಾನರ ಕೆಲಸ ಮೊದಲಿನ ಹಾಗಿಲ್ಲ ಎಂದು ಊರಿನಲ್ಲಿ ಮಾತಾಯಿತು. ಹಳೆಯ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಹೊಸ ಬೇರಿಂಗ್ ತರಿಸಿ ಕಾಗದದಲ್ಲಿ ಸುತ್ತಿ ಅಳತೆ ಬರೆದಿಡುವುದನ್ನು ಮಾತ್ರ ಬಿಡಲಿಲ್ಲ. ಅವನ್ನು ಯಾಕೆ ಮಾರುತ್ತಿಲ್ಲ ಎಂದು ನಾನು ಕೇಳಲಿಲ್ಲ.

ಕೊನೆಯ ತಿಂಗಳು ಅವರು ಹಾಸಿಗೆ ಹಿಡಿದಾಗ ನಾನು ದಿನಕ್ಕೆರಡು ಸಲ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಇಷ್ಟು ವರ್ಷ ಅವರು ಆ ಭಾನುವಾರದ ವಿಷಯ ಎತ್ತಿರಲಿಲ್ಲ. ಒಂದು ಮಧ್ಯಾಹ್ನ, ದಿಂಬಿಗೆ ಒರಗಿಸಿ ಕೂರಿಸಿದಾಗ, ಕೇಳುವ ಹಾಗಲ್ಲದೆ ಸುಮ್ಮನೆ ಹೇಳುವ ಹಾಗೆ, "ನಿಮಗೆ ಮೊದ್ಲೇ ಗೊತ್ತಿತ್ತು" ಎಂದರು.

"ಹೂಂ ಅಣ್ಣ."

"ಎಷ್ಟು ಮುಂಚೆ?"

"ಮೂರು ತಿಂಗಳು."

ಅವರ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಲೆಕ್ಕ ಹಾಕಿದವು. "ಮೂರು ತಿಂಗಳು ಮುಂಚೆ ಬುಷ್ಷು ಡ್ರಾಯರಲ್ಲೇ ಇದ್ವು" ಎಂದರು. ಆಮೇಲೆ, "ಹೇಳ್ಬೇಕಿತ್ತು ನೀವು."

"ಹೌದು ಅಣ್ಣ."

"ಅವಳು ಬ್ಯಾಡ ಅಂದಿದ್ಲಾ?"

"ಹೂಂ."

"ಯಾಕಂತೆ?"

ಗಂಜಿಯ ಚಮಚ ನನ್ನ ಕೈಯಲ್ಲೇ ಇತ್ತು. ಅವಳು ಹೇಳಿದ ಮಾತು ಹೇಳಿದ ಹಾಗೇ ನನ್ನೊಳಗಿತ್ತು. ಆ ಐದು ತಿಂಗಳ ಅವರ ಶಿಳ್ಳೆಗೆ, ನಗುವಿಗೆ, ಆ ಹುಡುಗಿ ತನ್ನ ಒಂದೇ ಆಸೆಯನ್ನು ಕೊಟ್ಟುಬಿಟ್ಟಳು ಎಂದು ಆ ಮುಖಕ್ಕೆ ಹೇಗೆ ಹೇಳಲಿ.

"ಹೆದರಿದ್ಲು ಅಣ್ಣ. ಅಷ್ಟೇ" ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ.

"ನನ್ ಮಗಳು ಯಾವುದಕ್ಕೂ ಹೆದರೋಳಲ್ಲ ತಂಗ್ಯಮ್ಮ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಗಂಜಿ ಆರಿತ್ತು. ಬಿಸಿ ಮಾಡಿಕೊಂಡು ಬರುತ್ತೇನೆ ಎಂದು ಎದ್ದೆ. ಬೇಡ ಎನ್ನಲಿಲ್ಲ ಅವರು. ಒಲೆಯ ಮುಂದೆ ನಿಂತು, ಅದು ತಳ ಹಿಡಿಯದ ಹಾಗೆ, ನಾನು ಬಹಳ ಹೊತ್ತು ತಿರುವುತ್ತಲೇ ಇದ್ದೆ.